ಎಷ್ಟು ಬಟ್ಟೆ ಸಾಕು?

ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಎಷ್ಟು ಜೊತೆ ಬಟ್ಟೆ ಬೇಕು? ಈ ಪ್ರಶ್ನೆಯನ್ನು ನೀವು ಎಂದಾದರೂ ನಿಮ್ಮೊಳಗೆ ಕೇಳಿಕೊಂಡಿದ್ದೀರಾ? ತಿಂಗಳಿಗೆ ಎಷ್ಟು ಅಕ್ಕಿ, ಎಷ್ಟು ಎಣ್ಣೆ, ಎಷ್ಟು ಸಕ್ಕರೆ ಬೇಕೆಂದು ಪ್ರತಿಯೊಬ್ಬ ಗೃಹಿಣಿಗೂ ಗೊತ್ತು. ಅದನ್ನು ಅಳೆದು ತೂಗಿ ಬಳಸುವುದೂ ಗೊತ್ತು. ಆದರೆ ಬಟ್ಟೆಯ ವಿಷಯಕ್ಕೆ ಬಂದಾಗ ಈ ಲೆಕ್ಕವೆಲ್ಲ ಎಲ್ಲಿಗೆ ಹೋಗುತ್ತದೆ? ಈದ್ ಬಂತು, ಒಂದು ಜೊತೆ. ನಾದಿನಿಯ ನಿಕಾಹ್, ಎರಡು ಜೊತೆ. ಅಂಗಡಿಯಲ್ಲಿ ರಿಯಾಯಿತಿ ಮಾರಾಟ, ಬೇಡದಿದ್ದರೂ ಮೂರು ಜೊತೆ. ಈಗಂತೂ ಅಂಗಡಿಗೆ ಹೋಗುವ ಶ್ರಮವೂ ಇಲ್ಲ. ಮೊಬೈಲಿನ ಮೇಲೆ ಬೆರಳಾಡಿಸಿದರೆ ಸಾಕು, ಬಟ್ಟೆ ಮನೆ ಬಾಗಿಲಿಗೆ ಬರುತ್ತದೆ.

ಕಳೆದ ರಮಝಾನಿಗೆ ಮುಂಚೆ ದಾನಕ್ಕೆಂದು ಬಟ್ಟೆ ಬೇರ್ಪಡಿಸಲು ಕಪಾಟು ತೆರೆದೆ. ಎಲ್ಲವನ್ನೂ ಹೊರಗೆ ಹಾಕಿ ಎಣಿಸಿದಾಗ 43 ಜೊತೆ ಬಟ್ಟೆಗಳಿದ್ದವು. ಅವುಗಳಲ್ಲಿ 11 ಜೊತೆಯನ್ನು ಎರಡನೆಯ ಬಾರಿ ಉಟ್ಟ ನೆನಪಿಲ್ಲ. ಎರಡರಲ್ಲಿ ಬೆಲೆಯ ಚೀಟಿ ಹಾಗೆಯೇ ನೇತಾಡುತ್ತಿತ್ತು. ನಾನು ಶ್ರೀಮಂತಳಲ್ಲ, ದುಂದುಗಾರ್ತಿಯೆಂದು ಯಾರೂ ನನ್ನನ್ನು ಕರೆದಿಲ್ಲ. ಆದರೂ ಆ ರಾಶಿಯ ಮುಂದೆ ಕುಳಿತಾಗ ಭಯವಾಯಿತು. ಸಂಪತ್ತನ್ನು ಎಲ್ಲಿಂದ ಗಳಿಸಿದೆ, ಯಾವುದಕ್ಕೆ ಖರ್ಚು ಮಾಡಿದೆ ಎಂಬ ಪ್ರಶ್ನೆಗೆ ಉತ್ತರಿಸದೆ ಪುನರುತ್ಥಾನದ ದಿನ ಯಾರ ಪಾದವೂ ಕದಲದು ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರಲ್ಲವೇ? ಈ 11 ಜೊತೆಗೆ ನಾನು ಏನು ಉತ್ತರ ಕೊಡಲಿ?

ಅಂದೇ ಒಂದು ನಿರ್ಧಾರ ಮಾಡಿದೆ. ವರ್ಷಕ್ಕೆ ಇಷ್ಟೇ ಬಟ್ಟೆ ಎಂದು ನನಗೆ ನಾನೇ ಒಂದು ಪಡಿತರ ಗೊತ್ತುಪಡಿಸಿಕೊಳ್ಳುವುದು. ಈ ಮಾತನ್ನು ಕೇಳಿದ ಒಬ್ಬ ಬಂಧು, "ಅಲ್ಲಾಹನು ಹಲಾಲ್ ಮಾಡಿದ್ದನ್ನು ನೀನು ನಿನ್ನ ಮೇಲೆ ಯಾಕೆ ತಡೆದುಕೊಳ್ಳುತ್ತೀ? ಇದು ಸನ್ಯಾಸವಲ್ಲವೇ?" ಎಂದು ಕೇಳಿದರು. ಇದು ತಳ್ಳಿ ಹಾಕುವಂತಹ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಉಡುಪು ಒಂದು ಅನುಗ್ರಹ

ಉಡುಪನ್ನು ಇಸ್ಲಾಮ್ ಕೀಳಾಗಿ ಕಂಡಿಲ್ಲ. ಮಾನ ಮುಚ್ಚಲು ಮತ್ತು ಅಲಂಕಾರಕ್ಕಾಗಿ ಉಡುಪನ್ನು ಇಳಿಸಿಕೊಟ್ಟುದಾಗಿ ಪವಿತ್ರ ಕುರ್‌ಆನ್ ಸ್ಮರಿಸುತ್ತದೆ. ಅದೇ ಉಸಿರಿನಲ್ಲಿ, ಧರ್ಮನಿಷ್ಠೆಯ ಉಡುಪೇ ಅತ್ಯುತ್ತಮವೆಂದು ಕಲಿಸುತ್ತದೆ (ಅಲ್ ಅಅ್‌ರಾಫ್: 26). ಅಲ್ಲಾಹನು ತನ್ನ ದಾಸರಿಗಾಗಿ ಹೊರತಂದ ಅಲಂಕಾರವನ್ನು ನಿಷಿದ್ಧಗೊಳಿಸಿದವರು ಯಾರೆಂದು ಅದೇ ಅಧ್ಯಾಯ ಪ್ರಶ್ನಿಸುತ್ತದೆ. ಅನುಕೂಲವಿದ್ದೂ ಹರಕು ಬಟ್ಟೆಯಲ್ಲಿ ಬಂದ ಒಬ್ಬರನ್ನು ಕಂಡು ಪ್ರವಾದಿ(ಸ) ಅವರ ಸ್ಥಿತಿಗತಿ ವಿಚಾರಿಸಿದರು. ಅವರ ಬಳಿ ಒಂಟೆ, ಆಡು, ಕುದುರೆಗಳೆಲ್ಲ ಇದ್ದುವೆಂದು ತಿಳಿದಾಗ, ಅಲ್ಲಾಹನ ಅನುಗ್ರಹದ ಕುರುಹು ಮೈಮೇಲೆ ಕಾಣಲಿ ಎಂದು ಹೇಳಿದರು. ಆದ್ದರಿಂದ ಕೊಳಕೂ ಹರಕೂ ಭಕ್ತಿಯ ಲಕ್ಷಣವಲ್ಲ.

ಆದರೆ ಅದೇ ಪ್ರವಾದಿ(ಸ) ತಿನ್ನಿರಿ, ಕುಡಿಯಿರಿ, ಉಡಿರಿ, ದಾನ ಮಾಡಿರಿ ಎಂದು ಅನುಮತಿಸಿದಾಗ ಎರಡು ಬೇಲಿಗಳನ್ನೂ ಹಾಕಿದರು: ದುಂದು ಇರಬಾರದು, ಅಹಂಕಾರ ಇರಬಾರದು. ದುಂದುಗಾರರನ್ನು ಕುರ್‌ಆನ್ ಶೈತಾನನ ಸಹೋದರರ ಸಾಲಿಗೆ ಸೇರಿಸಿದೆ (ಬನೀ ಇಸ್ರಾಈಲ್: 27). ಪರಮ ದಯಾಮಯನ ದಾಸರ ಗುಣ ಹೇಳುವಾಗ, ಅವರು ಖರ್ಚಿನಲ್ಲಿ ದುಂದನ್ನೂ ಜಿಪುಣತನವನ್ನೂ ಬಿಟ್ಟು ನಡುವಿನ ಹಾದಿ ಹಿಡಿಯುತ್ತಾರೆಂದು ಬಣ್ಣಿಸಿದೆ (ಅಲ್ ಫುರ್ಕಾನ್: 67).

ಇಲ್ಲಿಯೇ ನಮ್ಮ ಸಮಸ್ಯೆ ಇರುವುದು. ದುಂದು ಎಲ್ಲಿ ಆರಂಭವಾಗುತ್ತದೆಂದು ಯಾವ ಬಟ್ಟೆಯ ಮೇಲೂ ಬರೆದಿಲ್ಲ. ಹತ್ತನೆಯದು ಹಲಾಲ್, ಹನ್ನೊಂದನೆಯದೂ ಹಲಾಲ್. ಒಂದೊಂದನ್ನು ಪ್ರತ್ಯೇಕವಾಗಿ ನೋಡಿದರೆ ಎಲ್ಲಕ್ಕೂ ಕಾರಣವಿದೆ. ರಾಶಿಯನ್ನು ನೋಡಿದಾಗ ಮಾತ್ರ ಕಾರಣ ಇಲ್ಲವಾಗುತ್ತದೆ. ಅಂಗಡಿಯ ದೀಪದ ಬೆಳಕಿನಲ್ಲಿ ಮನಸ್ಸು ತನಗೆ ಬೇಕಾದ ಕಾರಣವನ್ನು ಕ್ಷಣದಲ್ಲಿ ಹುಡುಕಿಕೊಳ್ಳುತ್ತದೆ. ಆದ್ದರಿಂದ ಮಿತಿಯನ್ನು ಅಂಗಡಿಗೆ ಹೋಗುವ ಮುಂಚೆಯೇ, ಮನೆಯಲ್ಲಿ, ಶಾಂತ ಮನಸ್ಸಿನಿಂದ ನಿರ್ಧರಿಸಬೇಕಾಗುತ್ತದೆ. ಪಡಿತರವೆಂದರೆ ಇಷ್ಟೇ. ಅದು ಹಲಾಲನ್ನು ಹರಾಮ್ ಮಾಡುವುದಲ್ಲ. ಆ ಹನ್ನೊಂದನೆಯ ಬಟ್ಟೆ ನಾಳೆಯೂ ಹಲಾಲೇ. ನನ್ನ ಮನಸ್ಸು ನಂಬಿಕೆಗೆ ಅರ್ಹವಲ್ಲ ಎಂದು ನಾನು ಒಪ್ಪಿಕೊಳ್ಳುವುದು ಮಾತ್ರ.

ಕಾನೂನಿನ ಪಡಿತರ, ಅಂತಃಸಾಕ್ಷಿಯ ಪಡಿತರ

ಬಟ್ಟೆಗೆ ಪಡಿತರ ಎಂಬುದು ಹೊಸ ವಿಚಾರವೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರ ಜೂನ್ 1ರಂದು, ಬ್ರಿಟನ್ ಸರಕಾರ ಬಟ್ಟೆಗೆ ಪಡಿತರ ಜಾರಿಗೆ ತಂದಿತು. ಮೊದಲ ವರ್ಷ ಪ್ರತಿಯೊಬ್ಬರಿಗೂ 66 ಕೂಪನು. ಹೆಂಗಸರ ಒಂದು ಉಣ್ಣೆಯ ಉಡುಪಿಗೆ 11, ಗಂಡಸಿನ ಉಣ್ಣೆಯ ಅಂಗಿಗೆ 8, ಗಂಡಸಿನ ಒಂದು ಜೊತೆ ಬೂಟಿಗೆ 7. ಕೈಯಲ್ಲಿ ಹಣ ಎಷ್ಟಿದ್ದರೂ ಕೂಪನು ಮುಗಿದರೆ ಬಟ್ಟೆ ಇಲ್ಲ. ಹಳೆಯದಕ್ಕೆ ತೇಪೆ ಹಾಕುವುದನ್ನು, ಹಳೆಯ ಸ್ವೆಟರನ್ನು ಬಿಚ್ಚಿ ಹೊಸದಾಗಿ ಹೆಣೆಯುವುದನ್ನು ಸರಕಾರವೇ ಕಲಿಸಿತು. ಈ ಪಡಿತರ 1949ರ ಮಾರ್ಚಿನವರೆಗೂ ನಡೆಯಿತು. ಆದರೆ ಅದೇ ವರ್ಷಗಳಲ್ಲಿ ಅದೇ ಸರಕಾರದ ಆಳ್ವಿಕೆಯಲ್ಲಿದ್ದ ಬಂಗಾಳದಲ್ಲಿ, 1943ರ ಕ್ಷಾಮದ ಜೊತೆಗೆ ಬಟ್ಟೆಯ ಬರವೂ ಬಂತು. ಮಾನ ಮುಚ್ಚಲು ಬಟ್ಟೆಯಿಲ್ಲದೆ ಹೆಂಗಸರು ಮನೆಯಿಂದ ಹೊರಬರಲಾರದಾದರು. ಒಂದು ಕಡೆ ಹಂಚುವ ನ್ಯಾಯ, ಇನ್ನೊಂದು ಕಡೆ ಅನ್ಯಾಯ. ಕಾನೂನಿನ ಪಡಿತರ ಅದನ್ನು ಮಾಡುವವರ ಕಣ್ಣು ಹೋಗುವಷ್ಟೇ ದೂರ ಹೋಗುತ್ತದೆ.

ನಮ್ಮ ಚರಿತ್ರೆಯಲ್ಲಿ ಬೇರೊಂದು ಪಡಿತರದ ಕಥೆಯಿದೆ. ಹ. ಉಮರ್(ರ)ರ ಕಾಲದಲ್ಲಿ ಯಮನ್‌ನಿಂದ ಬಂದ ಬಟ್ಟೆಯನ್ನು ಜನರಿಗೆ ಒಂದೊಂದು ಪಾಲಾಗಿ ಹಂಚಲಾಯಿತು. ನಂತರ ಖಲೀಫರು ಪ್ರವಚನಕ್ಕೆ ನಿಂತಾಗ ಅವರ ಮೈಮೇಲೆ ಒಂದು ಪಾಲಿಗಿಂತ ಹೆಚ್ಚು ಬಟ್ಟೆ ಇದ್ದುದನ್ನು ಕಂಡು, ಸಭೆಯಲ್ಲಿದ್ದ ಒಬ್ಬರು ಎದ್ದು ಅದನ್ನು ಪ್ರಶ್ನಿಸಿದರು. ತನ್ನ ಪಾಲನ್ನು ತಂದೆಗೆ ಕೊಟ್ಟೆನೆಂದು ಮಗ ಅಬ್ದುಲ್ಲಾ(ರ) ಸಾಕ್ಷ್ಯ ನುಡಿದ ಬಳಿಕವೇ ಪ್ರವಚನ ಮುಂದುವರಿಯಿತೆಂದು ಚರಿತ್ರೆಕಾರರು ಹೇಳುತ್ತಾರೆ. ಖಲೀಫರ ಒಂದು ತುಂಡು ಬಟ್ಟೆಗೂ ಲೆಕ್ಕ ಕೇಳುವ ಸಮಾಜ ಅದಾಗಿತ್ತು. ನಮ್ಮ ಕಪಾಟಿನ ಲೆಕ್ಕವನ್ನು ಇಂದು ಯಾರೂ ಕೇಳುವುದಿಲ್ಲ. ಹಾಗೆಂದೇ ನಾವೇ ಕೇಳಿಕೊಳ್ಳಬೇಕಾಗಿದೆ.

ಬಟ್ಟೆಯ ಹಿಂದೆ ಯಾರಿದ್ದಾರೆ?

ಇಂದು ಬಟ್ಟೆ ಅಗ್ಗವೆಂದು ನಾವು ಹೇಳುತ್ತೇವೆ. ಒಂದು ಹತ್ತಿಯ ಟೀ ಶರ್ಟು ತಯಾರಾಗಲು, ಹತ್ತಿ ಬೆಳೆಯುವಲ್ಲಿಂದ ಮೊದಲ್ಗೊಂಡು, ಸುಮಾರು 2,700 ಲೀಟರ್ ನೀರು ಬೇಕೆಂದು ಅಂದಾಜಿಸಲಾಗಿದೆ. ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿಗೆ ನೀರು ಪೋಲು ಮಾಡಬಾರದೆಂದು ಕಲಿತವರು ನಾವು. 2000ದಿಂದ 2015ರ ನಡುವೆ ಜಗತ್ತಿನ ಬಟ್ಟೆಯ ಉತ್ಪಾದನೆ ಹೆಚ್ಚು ಕಡಿಮೆ ಇಮ್ಮಡಿಯಾಯಿತು. ಅದೇ ಅವಧಿಯಲ್ಲಿ ಒಂದು ಬಟ್ಟೆಯನ್ನು ಎಸೆಯುವ ಮುಂಚೆ ಉಡುವ ಸಲ ಮೂರನೆಯ ಒಂದಂಶಕ್ಕಿಂತಲೂ ಹೆಚ್ಚು ಇಳಿಯಿತು.

ನೀರಿನ ಮಾತು ಹಾಗಿರಲಿ, ಮನುಷ್ಯರ ಮಾತೇನು? 2013ರ ಎಪ್ರಿಲ್ 24ರಂದು ಢಾಕಾದ ಸಮೀಪ ರಾಣಾ ಪ್ಲಾಝಾ ಎಂಬ ಕಟ್ಟಡ ಕುಸಿಯಿತು. ಅದರೊಳಗೆ ಸಿದ್ಧ ಉಡುಪಿನ ಕಾರ್ಖಾನೆಗಳಿದ್ದವು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿದ್ದರೂ ಕೆಲಸಗಾರರನ್ನು ಒಳಗೆ ಕಳುಹಿಸಲಾಯಿತು. 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಯುವತಿಯರು, ತಾಯಂದಿರು. ದೂರದ ದೇಶಗಳ ಅಂಗಡಿಗಳಿಗೆ ಅಗ್ಗದ ಬಟ್ಟೆ ಹೊಲಿಯುತ್ತಿದ್ದವರು ಅವರು. ಕಾರ್ಮಿಕನ ಬೆವರು ಆರುವ ಮುಂಚೆ ಕೂಲಿ ಕೊಡಬೇಕೆಂದ ಧರ್ಮದ ಅನುಯಾಯಿಗಳು, ಬೆಲೆಯ ಚೀಟಿ ನೋಡುವಾಗ ಆ ಬೆವರನ್ನೂ ಒಮ್ಮೆ ನೆನೆಯಬೇಡವೇ?

ಇನ್ನೊಂದು ನೋವು ನಮ್ಮ ಮನೆಗಳ ಒಳಗೇ ಇದೆ. ನಮ್ಮ ಸಂಬಂಧಿಕಳೊಬ್ಬಳು ಎರಡು ವರ್ಷಗಳಿಂದ ಯಾವ ನಿಕಾಹ್‌ಗೂ ಬರುತ್ತಿರಲಿಲ್ಲ. ಕಾಲು ನೋವು, ಮಗುವಿಗೆ ಜ್ವರ, ಹೀಗೆ ಪ್ರತಿ ಸಲ ಒಂದು ಕಾರಣ. ಒಂದು ದಿನ ಅವಳ ಮನೆಗೆ ಹೋದಾಗ ನಿಜ ಹೇಳಿದಳು: "ಅಕ್ಕಾ, ನನ್ನ ಹತ್ತಿರ ಇರುವುದು ಒಂದೇ ಒಳ್ಳೆಯ ಸೀರೆ. ಎಲ್ಲರೂ ಅದನ್ನು ನೋಡಿಯಾಗಿದೆ." ನನ್ನ ಬಾಯಿಯಿಂದ ಮಾತು ಹೊರಡಲಿಲ್ಲ. ಯಾಕೆಂದರೆ "ಇದು ಅವತ್ತಿನದ್ದೇ ಅಲ್ವಾ?" ಎಂದು ಯಾರ ಸೀರೆಯನ್ನೋ ಕಂಡು ನಕ್ಕವರಲ್ಲಿ ನಾನೂ ಒಬ್ಬಳು. ಪ್ರತಿ ಸಮಾರಂಭಕ್ಕೆ ಹೊಸದನ್ನು ಉಡುವ ಮೂಲಕ ನಾವು ನಮಗೆ ಅರಿವಿಲ್ಲದೆಯೇ ಒಂದು ಪ್ರವೇಶ ಶುಲ್ಕ ನಿಗದಿಪಡಿಸಿದ್ದೇವೆ. ಅದನ್ನು ತೆರಲಾಗದವರು ಹೊರಗೆ ಉಳಿದಿದ್ದಾರೆ. ಬಡವರನ್ನು ಬಿಟ್ಟು ಸಿರಿವಂತರನ್ನು ಮಾತ್ರ ಕರೆಯುವ ವಲೀಮಃದ ಊಟವನ್ನು ಪ್ರವಾದಿ(ಸ) ಅತಿ ಕೆಟ್ಟ ಊಟವೆಂದಿದ್ದಾರೆ. ಆಮಂತ್ರಣ ಕೊಟ್ಟೂ ಬಡವಳು ಬರಲಾಗದಂತೆ ಮಾಡುವುದು ಅದಕ್ಕಿಂತ ಎಷ್ಟು ಭಿನ್ನ?

ಒಂದು ಜೊತೆ ಕಾಲುಚೀಲ

ನಾವಿರುವುದು ಕೊಡಗಿನಲ್ಲಿ. ಚಳಿಗಾಲದಲ್ಲಿ ಫಜ್ರ್‌ಗೆ ಮಸೀದಿಗೆ ಹೋಗುವ ಮಾವನವರಿಗೆ ಪ್ರತಿ ವರ್ಷ ಅರ್ಧ ಡಜನ್ ಕಾಲುಚೀಲ ತರುತ್ತಿದ್ದೆವು. ಹೆಬ್ಬೆರಳಿನ ಬಳಿ ತೂತಾದರೆ ಎಸೆಯುತ್ತಿದ್ದೆವು. ಪಡಿತರ ಆರಂಭಿಸಿದ ವರ್ಷ, ನೆರೆಯ ನಿವೃತ್ತ ಶಿಕ್ಷಕಿಯೊಬ್ಬರಿಂದ ಕಾಲುಚೀಲ ಹೆಣೆಯಲು ಕಲಿತೆ. ನಾಲ್ಕು ಸಣ್ಣ ಕಡ್ಡಿಗಳು, ಸುಮಾರು ನೂರು ಗ್ರಾಂ ಉಣ್ಣೆಯ ನೂಲು. ಮೇಲಿನ ಪಟ್ಟಿ ಸುಲಭ. ಹಿಮ್ಮಡಿಯಲ್ಲಿ ತಿರುವು ಕೊಡುವುದೇ ಕಷ್ಟ. ಮೂರು ಸಲ ಬಿಚ್ಚಿ ಮೂರು ಸಲ ಹೆಣೆದೆ. ಮೊದಲ ಜೊತೆ ಮುಗಿಯಲು ಒಂದು ತಿಂಗಳಿಗೂ ಹೆಚ್ಚು ಹಿಡಿಯಿತು.

ಹಣ ಉಳಿಯಿತೇ ಎಂದು ಕೇಳಬೇಡಿ. ಒಳ್ಳೆಯ ಉಣ್ಣೆಯ ಬೆಲೆ ಅಂಗಡಿಯ ಕಾಲುಚೀಲಕ್ಕಿಂತ ಹೆಚ್ಚೇ. ಆದರೆ ಆ ಒಂದು ತಿಂಗಳು ನನಗೆ ಒಂದು ವಿಷಯ ಕಲಿಸಿತು. ಪಾದದ ಮೇಲೆ ಎಳೆದುಕೊಂಡು ಮರೆತುಬಿಡುವ ಒಂದು ವಸ್ತುವಿನಲ್ಲಿ ಸಾವಿರಾರು ಕುಣಿಕೆಗಳಿವೆ, ಒಬ್ಬ ಮನುಷ್ಯನ ಆಯುಷ್ಯದ ಗಂಟೆಗಳಿವೆ. ಯಂತ್ರ ಹೊಲಿದರೂ ಯಂತ್ರದ ಮುಂದೆ ಒಬ್ಬಳು ಕುಳಿತಿರುತ್ತಾಳೆ. ಇದನ್ನು ತಿಳಿದ ಮೇಲೆ ತೂತಾದುದನ್ನು ಎಸೆಯಲು ಕೈ ಬರುವುದಿಲ್ಲ, ರಫೂ ಹಾಕುತ್ತೇವೆ.

ಕಾಲುಚೀಲ ಹೆಣೆಯುವುದು ಪಾಶ್ಚಾತ್ಯರ ಹವ್ಯಾಸವೆಂದು ನಾನು ಭಾವಿಸಿದ್ದೆ. ಆದರೆ ಜಗತ್ತಿನಲ್ಲಿ ಇಂದು ಉಳಿದಿರುವ ಎರಡು ಕಡ್ಡಿಯ ಶೈಲಿಯ ಅತಿ ಹಳೆಯ ಹೆಣಿಗೆಗಳು ಮುಸ್ಲಿಮ್ ಆಳ್ವಿಕೆಯ ಈಜಿಪ್ಟಿನ ಹತ್ತಿಯ ಕಾಲುಚೀಲಗಳು. ಸುಮಾರು 11ನೇ ಶತಮಾನದಿಂದೀಚೆಗಿನ ಇವು ನೀಲಿ ಬಿಳಿ ನೂಲಿನವು. ಕೆಲವುಗಳಲ್ಲಿ ಕೂಫೀ ಲಿಪಿಯನ್ನು ಹೋಲುವ ವಿನ್ಯಾಸಗಳೂ ಇವೆ. ಈ ಕಲೆ ಯಾರಿಗೂ ಪರಕೀಯವಲ್ಲ. ಸ್ವಂತ ಕೈಯ ದುಡಿಮೆಗೆ ನಮ್ಮಲ್ಲಿ ಇರುವ ಗೌರವವೂ ಹೊಸದಲ್ಲ. ಪ್ರವಾದಿ(ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಪಾದರಕ್ಷೆಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ.

ನೆನಪಿಡಬೇಕಾದ ಕೆಲವು ಮಾತುಗಳು

ನೀವೂ ಹೀಗೊಂದು ಮಿತಿ ಹಾಕಿಕೊಳ್ಳಲು ಬಯಸಿದರೆ ಕೆಲವು ವಿಷಯಗಳಲ್ಲಿ ಎಚ್ಚರ ಬೇಕು. ಮೊದಲನೆಯದಾಗಿ, ಆಣೆ ಮಾಡಬೇಡಿ, ಹರಕೆ ಹೊರಬೇಡಿ. ಸಂಕಲ್ಪ ಸಾಕು. ನಿಜವಾದ ಅಗತ್ಯ ಬಂದಾಗ ಮಿತಿ ಸಡಿಲವಾಗಲಿ. ಆದರೆ ಪ್ರತಿ ತಿಂಗಳೂ ಸಡಿಲವಾದರೆ, ಗಟ್ಟಿಯಾಗಿ ನೂತ ನೂಲನ್ನು ತಾನೇ ಬಿಚ್ಚಿ ಚೂರು ಮಾಡಿದ ಹೆಂಗಸಿನ ಉಪಮೆಯನ್ನು (ಅನ್ನಹ್ಲ್: 92) ನೆನಪಿಸಿಕೊಳ್ಳಿ.

ಎರಡನೆಯದಾಗಿ, ಮಿತಿ ಹಾಕುವುದು ತನಗೆ, ಇನ್ನೊಬ್ಬರಿಗಲ್ಲ. ಪತ್ನಿಗೆ ಉಡುಪು ಕೊಡುವುದು ಪತಿಯ ಹೊಣೆ. ಈ ಲೇಖನವನ್ನು ಮುಂದಿಟ್ಟು ಹೆಂಡತಿಯ ಬಟ್ಟೆಗೆ ಕತ್ತರಿ ಹಾಕಿ ತನ್ನ ಅಂಗಿಗಳನ್ನು ಎಣಿಸದ ಪತಿ, ಪಡಿತರ ಮಾಡುತ್ತಿಲ್ಲ, ಜಿಪುಣತನ ಮಾಡುತ್ತಿದ್ದಾನೆ. ಮನೆಯವರೆಲ್ಲ ಕುಳಿತು ಸಮಾಲೋಚಿಸಿ. ಮಕ್ಕಳಿಗೆ ಈದ್‌ನ ಸಂತೋಷ ತಪ್ಪದಿರಲಿ.

ಮೂರನೆಯದಾಗಿ, ಸರಳತೆಯೂ ಒಂದು ಪ್ರದರ್ಶನವಾಗಬಹುದು. ಪ್ರಸಿದ್ಧಿಗಾಗಿ ಉಡುವ ಉಡುಪಿನ ಬಗ್ಗೆ ಪ್ರವಾದಿ(ಸ) ಕಠಿಣ ಎಚ್ಚರಿಕೆ ಕೊಟ್ಟಿದ್ದಾರೆ. ಜರಿಯ ಸೀರೆ ಮಾತ್ರವಲ್ಲ, ತೇಪೆಯ ಅಂಗಿಯೂ ಪ್ರಸಿದ್ಧಿಯ ಉಡುಪಾಗಬಲ್ಲದೆಂದು ವಿದ್ವಾಂಸರು ವಿವರಿಸಿದ್ದಾರೆ. ನಾನು ಹೆಣೆದ ಕಾಲುಚೀಲವನ್ನು ನಾಲ್ಕು ಜನರಿಗೆ ತೋರಿಸಿದ ದಿನ ಈ ಮಾತು ನನಗೇ ಚುಚ್ಚಿತು.

ಕೊನೆಯದಾಗಿ, ಉಳಿದ ಹಣಕ್ಕೆ ಒಂದು ವಿಳಾಸವಿರಲಿ. ಬಟ್ಟೆಯಲ್ಲಿ ಉಳಿಸಿ ಒಡವೆಯಲ್ಲಿ ಸುರಿದರೆ ಏನು ಲಾಭ? ಆಣೆ ಮುರಿದವನ ಪರಿಹಾರಗಳಲ್ಲಿ ಹತ್ತು ಮಂದಿ ಬಡವರಿಗೆ ಉಡಿಸುವುದೂ ಒಂದೆಂದು ಕುರ್‌ಆನ್ ಹೇಳಿದೆ (ಅಲ್ ಮಾಇದಃ: 89). ಬಡವನಿಗೆ ಉಡಿಸುವುದು ಪಾಪವನ್ನು ತೊಳೆಯುವ ಕರ್ಮ. ಉಟ್ಟು ಸವೆದುದನ್ನಲ್ಲ, ನಮಗೆ ಇಷ್ಟವಾದುದನ್ನು ಕೊಡೋಣ. ಹಾಗೆಯೇ, ಮುಂದಿನ ನಿಕಾಹ್‌ಗೆ ಎಲ್ಲರೂ ನೋಡಿರುವ ಹಳೆಯ ಸೀರೆಯನ್ನೇ ಉಟ್ಟು ಹೋಗೋಣ. ಅದು ಯಾರೋ ಒಬ್ಬಳಿಗೆ ಬಾಗಿಲು ತೆರೆಯಬಹುದು. ನಾನು ಹಾಗೆ ಹೋದ ಸಮಾರಂಭಕ್ಕೆ ನನ್ನ ಜೊತೆಯಲ್ಲೇ ಆ ಸಂಬಂಧಿಕಳೂ ಬಂದಳು, ತನ್ನ ಒಂದೇ ಸೀರೆಯಲ್ಲಿ.

ಪ್ರಿಯ ಓದುಗರೇ, ನಮ್ಮೆಲ್ಲರಿಗೂ ಕಟ್ಟಕಡೆಗೆ ಒಂದು ಪಡಿತರ ಕಾದಿದೆ. ಹೊಲಿಗೆಯಿಲ್ಲದ ಕೆಲವು ತುಂಡು ಬಿಳಿ ಬಟ್ಟೆ. ಹ. ಅಬೂಬಕರ್(ರ) ಮರಣ ಶಯ್ಯೆಯಲ್ಲಿದ್ದಾಗ, ತಾನು ಉಟ್ಟಿದ್ದ ಹಳೆಯ ಬಟ್ಟೆಯನ್ನೇ ಒಗೆದು, ಅದಕ್ಕೆ ಎರಡನ್ನು ಸೇರಿಸಿ ಕಫನ್ ಮಾಡುವಂತೆ ಮಗಳಿಗೆ ಹೇಳಿದರು. ಅದು ಸವೆದುಹೋಗಿದೆಯೆಂದು ಹ. ಆಯಿಶಾ(ರ) ಅಂದಾಗ, ಹೊಸ ಬಟ್ಟೆಗೆ ಸತ್ತವನಿಗಿಂತ ಬದುಕಿರುವವನೇ ಹೆಚ್ಚು ಹಕ್ಕುದಾರನೆಂದು ತಿಳಿಸಿದರು. ಸಾಯುವ ಹೊತ್ತಿನಲ್ಲೂ ಅವರಿಗೆ ಇನ್ನೊಬ್ಬರ ಪಾಲಿನ ಯೋಚನೆ. ಬದುಕಿರುವಾಗ ನಮಗೆ ಅಷ್ಟಾದರೂ ಬೇಡವೇ?

ಇಂದು ರಾತ್ರಿ ನಿಮ್ಮ ಕಪಾಟನ್ನು ತೆರೆದು ಒಮ್ಮೆ ಎಣಿಸಿ ನೋಡಿ. ಅಲ್ಲಾಹನು ನಮ್ಮ ಲೆಕ್ಕವನ್ನು ಸುಲಭಗೊಳಿಸಲಿ, ಧರ್ಮನಿಷ್ಠೆಯ ಉಡುಪನ್ನು ನಮಗೆಲ್ಲರಿಗೂ ಉಡಿಸಲಿ. ಆಮೀನ್.