ಯಾವುದು ಮೊದಲು?

ಕಳಸದಿಂದ ಬಂದಿದ್ದ ಅಕ್ಕನ ಮಗ ಮೊನ್ನೆ ಊಟಕ್ಕೆ ಕುಳಿತಾಗ ಕೇಳಿದ: "ಮಾವ, ಪ್ರೋಗ್ರಾಮಿಂಗ್ ಕಲೀಬೇಕು. ಮೊದಲು ಸಿ ಕಲೀಲಾ, ಪೈಥಾನ್ ಕಲೀಲಾ?" ಎರಡೂ ಗಣಕಯಂತ್ರಕ್ಕೆ ಆಜ್ಞೆ ಬರೆಯುವ ಭಾಷೆಗಳು. ಚಿಕ್ಕಮಗಳೂರಿನಲ್ಲಿ ಕನ್ನಡ ಪಾಠ ಹೇಳುವ ಮೇಷ್ಟರನ್ನು ಕೇಳುವ ಪ್ರಶ್ನೆಯೇ ಇದು ಎಂದು ಓದುಗರು ನಗಬಹುದು. ನನಗೆ ನಗು ಬರಲಿಲ್ಲ. ಆರು ವರ್ಷಗಳ ಹಿಂದೆ ಅವನ ಅಕ್ಕನೂ ಇದನ್ನೇ ಕೇಳಿದ್ದಳು. ಬಲ್ಲವರೊಬ್ಬರನ್ನು ವಿಚಾರಿಸಿ, "ಸಿ ಕಲಿ, ಕಷ್ಟದ್ದು ಮೊದಲು ಮುಗಿದರೆ ಉಳಿದದ್ದು ಸುಲಭ" ಎಂದು ಅಪ್ಪಣೆ ಕೊಟ್ಟು ನನ್ನ ಕೆಲಸಕ್ಕೆ ಹೋಗಿದ್ದೆ. ಎರಡು ತಿಂಗಳಲ್ಲಿ ಅವಳು ಪುಸ್ತಕ ಮುಚ್ಚಿದಳು. "ನನ್ನ ತಲೆಗೆ ಇದೆಲ್ಲ ಹತ್ತೋದಿಲ್ಲ ಮಾವ" ಎಂದಳು. ಭಾಷೆ ಕಷ್ಟವೆನ್ನಲಿಲ್ಲ, ತನ್ನ ತಲೆಯೇ ಸಾಲದು ಎಂದಳು. ಆ ಮಾತು ಇಂದಿಗೂ ಚುಚ್ಚುತ್ತದೆ.

ಇನ್ನೊಬ್ಬರಿಗೆ ಮೊದಲ ಮೆಟ್ಟಿಲನ್ನು ಆರಿಸಿಕೊಡುವವನ ಹೊಣೆ ಎಷ್ಟು?

ಪಂಡಿತರಲ್ಲೂ ಈ ಜಗಳ ಹಳೆಯದು. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಸ್ ಎಂಬ ಗಣಿತದ ಅಧ್ಯಾಪಕರು, ವಿಜ್ಞಾನ ಓದದವರಿಗೂ ಗಣಕ ಒಲಿಯಲೆಂದು ಬೇಸಿಕ್ ಎಂಬ ಸರಳ ಭಾಷೆಯನ್ನು ಕಟ್ಟಿದರು. 1975ರಲ್ಲಿ ಡೈಕ್‌ಸ್ಟ್ರಾ ಎಂಬ ಡಚ್ ವಿದ್ವಾಂಸರು, ಬೇಸಿಕ್ ಕಲಿತು ಬಂದವರ ಬುದ್ಧಿ ಮತ್ತೆ ಸರಿಹೋಗದಷ್ಟು ಕೆಟ್ಟಿರುತ್ತದೆ ಎಂದು ಬರೆದರು. ಅವರಿಗೆ ಕಲಿಯುವವನ ಮೇಲೆ ಕರುಣೆ. ಇವರಿಗೆ ವಿದ್ಯೆಯ ಮೇಲೆ ನಿಷ್ಠೆ. ಎರಡೂ ಒಳ್ಳೆಯ ಗುಣಗಳೇ.

ನಮ್ಮ ಕನ್ನಡವೂ ಇದನ್ನು ಕಂಡಿದೆ. ವರ್ಣಮಾಲೆಯ ವರ್ಗಗಳು ಗಂಟಲಿನಿಂದ ತುಟಿಯವರೆಗೆ ಎಷ್ಟು ಅಚ್ಚುಕಟ್ಟಾಗಿ ಸಾಗುತ್ತವೆ! ಆದರೂ ನಮ್ಮ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ಮಕ್ಕಳು ರ ಗ ಸ ದ ಅ ಎಂದೇ ಅಕ್ಷರಾಭ್ಯಾಸ ಆರಂಭಿಸಿದ್ದಾರೆ. ಐದು ಅಕ್ಷರ ಬಂದರೆ ಸಾಕು, ಮಗು 'ಸರ', 'ಅರಸ', 'ಗರಗಸ' ಎಂದು ಬರೆದುಬಿಡುತ್ತದೆ. ಕ್ರಮ ಕೆಟ್ಟಿತೆಂದು ನಾನೂ ಒಮ್ಮೆ ಗೊಣಗಿದವನೇ. ಆದರೆ ಅಕ್ಷರದಿಂದ ಮಾತು ಹುಟ್ಟುವುದನ್ನು ಬೇಗ ಕಂಡ ಮಗು ಸ್ಲೇಟು ಬಿಸಾಡುವುದಿಲ್ಲ. ನಿಘಂಟು ತೆರೆಯುವ ಕಾಲಕ್ಕೆ ವರ್ಣಮಾಲೆಯ ಕ್ರಮವನ್ನೂ ಕಲಿಯಲೇಬೇಕು, ನಿಜ, ಆಗ ಕಲಿಯುತ್ತದೆ.

ಆದ್ದರಿಂದ ಈ ಸಲ ಪೈಥಾನ್ ಎಂದೆ. ಎಂದವನು ಎದ್ದು ಹೋಗದೆ ಪಕ್ಕದಲ್ಲೇ ಕುಳಿತೆ. ಸಿಯಲ್ಲಿ ತೆರೆಯ ಮೇಲೆ ಒಂದು ನಮಸ್ಕಾರ ಮೂಡಿಸುವುದಕ್ಕೂ ಹೊಸಬನಿಗೆ ಅರ್ಥವಾಗದ ಪೀಠಿಕೆ ಬೇಕು. ಪೈಥಾನಿಗೆ ಒಂದೇ ಸಾಲು ಸಾಕು. ಹುಡುಗ ಭಾವನ ತೋಟದ ಮಳೆ ಲೆಕ್ಕದ ಪುಸ್ತಕ ತಂದಿದ್ದ. 'ಮಳೆ' ಎಂದು ಕನ್ನಡದಲ್ಲೇ ಹೆಸರಿಟ್ಟು (ಪೈಥಾನ್ ಅದಕ್ಕೂ ಒಪ್ಪುತ್ತದೆ) ತಿಂಗಳುಗಳ ಇಂಚುಗಳನ್ನು ಕೂಡಿಸಿದ. ಮೊತ್ತ ನಾಲ್ಕು ಸಾವಿರ ಇಂಚು ದಾಟಿತು! "ಕಳಸ ತೇಲಿಹೋಯ್ತು ಮಾವ" ಎಂದು ನಕ್ಕ. ಜುಲೈ ತಿಂಗಳ ಅಂಕಿಯಲ್ಲಿ ಬಿಟ್ಟುಹೋದ ಚುಕ್ಕೆಯನ್ನು ತಾನೇ ಹುಡುಕಿ ಇಟ್ಟ. ತಪ್ಪು ಮಾಡಿ ನಗುವುದು ಅವನ ಅಕ್ಕನಿಗೆ ಸಾಧ್ಯವಾಗಿರಲಿಲ್ಲ.

ಪೈಥಾನ್ ಎಷ್ಟೋ ಸಂಗತಿಗಳನ್ನು ಮರೆಮಾಡುತ್ತದೆ. ಯಂತ್ರದ ನೆನಪಿನಲ್ಲಿ ಯಾವುದಕ್ಕೆ ಎಷ್ಟು ಜಾಗ ಎಂಬ ಯೋಚನೆಯನ್ನು ಸಿ ನಮ್ಮ ತಲೆಗೆ ಹೊರಿಸಿದರೆ, ಪೈಥಾನ್ ತಾನೇ ಹೊರುತ್ತದೆ. ಇದು ಕಲಿಯುವವನಿಗೆ ಮಾಡುವ ಮೋಸವೇ? ನಮ್ಮ ಕಾಫಿ ನರ್ಸರಿಗಳನ್ನು ನೋಡಿ. ಎಳೆಯ ಸಸಿಗೆ ಚಪ್ಪರದ ನೆರಳು. ಮುಂಗಾರಿನಲ್ಲಿ ತೋಟಕ್ಕೆ ನೆಡುವ ಮುನ್ನ ಆ ನೆರಳನ್ನು ಸ್ವಲ್ಪಸ್ವಲ್ಪವಾಗಿ ತೆಗೆಯುತ್ತಾರೆ. ನೆರಳು ಕೊಡುವುದು ತಪ್ಪಲ್ಲ, ತೆಗೆಯಲು ಮರೆಯುವುದು ತಪ್ಪು. ಸುಲಭವಾದುದನ್ನು ಆರಿಸಿಕೊಟ್ಟವನು, ಮುಚ್ಚಿಟ್ಟದ್ದನ್ನು ಒಂದು ದಿನ ತೋರಿಸುವ ಸಾಲವನ್ನೂ ಹೊತ್ತಿರುತ್ತಾನೆ.

ಹಾಗೆ ನೋಡಿದರೆ ಅಂದು ಕೆಟ್ಟದ್ದು ಸಿ ಭಾಷೆಯಲ್ಲ. ದಾರಿ ತೋರಿಸಿದ ನಾನು ಜೊತೆಗೆ ನಡೆಯಲಿಲ್ಲ. ಮೂಡಿಗೆರೆಯಲ್ಲಿರುವ ಅಕ್ಕನ ಮಗಳಿಗೆ ಫೋನ್ ಮಾಡಿ ಇದನ್ನು ಹೇಳಿದೆ. "ಈಗ್ಯಾಕೆ ಮಾವ ಅದೆಲ್ಲ?" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಈ ಕಡೆ ಬಂದಾಗ ಆ ಮಳೆ ಲೆಕ್ಕ ನನಗೂ ತೋರಿಸಲಿ" ಎಂದಳು.