ಧೈರ್ಯವೋ, ದೇವರನ್ನು ಪರೀಕ್ಷಿಸುವುದೋ?



ಒಂದು ಭಾನುವಾರ ಬಲಿಪೂಜೆ ಮುಗಿಸಿ ಹೊರಗೆ ಬಂದಾಗ ಸಿದ್ದಾಪುರದ ಕಡೆಯ ತಾಯಿಯೊಬ್ಬರು ಚರ್ಚಿನ ಜಗಲಿಯಲ್ಲಿ ಕಾಯುತ್ತಿದ್ದರು. ಮಗ ಪದವಿ ಮುಗಿಸಿದ್ದಾನೆ, ಬ್ಯಾಂಕ್ ಪರೀಕ್ಷೆ ಬರೆಯುವುದಿಲ್ಲವಂತೆ, ಕೊಲ್ಲಿ ದೇಶಕ್ಕೂ ಹೋಗುವುದಿಲ್ಲವಂತೆ. ಅಂಡಮಾನಿಗೆ ಹೋಗಿ ಸ್ಕೂಬಾ ಮುಳುಗು ಕಲಿತು ಅದನ್ನೇ ಉದ್ಯೋಗ ಮಾಡಿಕೊಳ್ಳುತ್ತಾನಂತೆ. "ಫಾದರ್, ಅವನ ಅಪ್ಪ ಅಡಿಕೆ ಮಾರಿದ ದುಡ್ಡು ಕೊಡಲು ಒಪ್ಪಿದ್ದಾರೆ. ನನಗೆ ಮಾತ್ರ ನಿದ್ದೆ ಬರುವುದಿಲ್ಲ. ದೇವರು ಕೊಟ್ಟ ಜೀವವನ್ನು ಹೀಗೆ ನೀರಿನಡಿಗೆ ಒಯ್ಯುವುದು ದೇವರನ್ನು ಪರೀಕ್ಷಿಸಿದಂತೆ ಅಲ್ಲವೇ?" ಎಂದು ಕೇಳಿದರು.

ನಾನು ಹೆಚ್ಚು ಯೋಚಿಸದೆ, "ಹೌದಮ್ಮ, ಬೇಡವೆನ್ನಿ" ಎಂದುಬಿಟ್ಟೆ. ಹುಡುಗ ಹೋದ. ನನ್ನ ಉತ್ತರ ಅವಸರದ್ದೆಂದು ಆಮೇಲೆ ನನಗೇ ತಿಳಿಯಿತು.

ಆ ತಾಯಿಯ ಪ್ರಶ್ನೆ ಹಗುರವಾದದ್ದಲ್ಲ. ಜೀವ ನಮ್ಮ ಸ್ವಂತ ಆಸ್ತಿಯಲ್ಲ, ದೇವರು ನಮ್ಮ ಕೈಗೆ ಒಪ್ಪಿಸಿದ ನಿಧಿ ಎಂದು ಧರ್ಮಸಭೆ ಬೋಧಿಸುತ್ತದೆ. ಗಂಭೀರ ಕಾರಣವಿಲ್ಲದೆ ಯಾರನ್ನೂ ಪ್ರಾಣಾಪಾಯಕ್ಕೆ ಒಡ್ಡಬಾರದು ಎಂಬುದೂ ಅದರ ಬೋಧನೆಯೇ. ಹಾಗಾದರೆ ಗಂಗೊಳ್ಳಿಯಲ್ಲಿ ದೋಣಿ ಹತ್ತುವ ಮೀನುಗಾರನ ಕಥೆಯೇನು? ಅಡಿಕೆ ಮರದ ತುದಿಯಲ್ಲಿ ಮದ್ದು ಬಿಡುವವನ ಕಥೆಯೇನು? ಅಪಾಯವಿದೆಯೆಂಬ ಒಂದೇ ಕಾರಣಕ್ಕೆ ಯಾವ ಕೆಲಸವೂ ಪಾಪವಾಗುವುದಿಲ್ಲ. ಏತಕ್ಕಾಗಿ ಆ ಅಪಾಯ, ಅದನ್ನು ಎದುರಿಸುವವನಿಗೆ ವಿವೇಕವಿದೆಯೇ ಎಂಬುದೇ ಪ್ರಶ್ನೆ.

ಶುಭಸಂದೇಶದ ಎರಡು ಘಟನೆಗಳನ್ನು ನೆನೆಯೋಣ. ಸೈತಾನನು ಯೇಸುಸ್ವಾಮಿಯನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಕೆಳಕ್ಕೆ ಧುಮುಕಲು ಹೇಳಿದ. ಅದಕ್ಕೆ ಕೀರ್ತನೆಯ ಮಾತನ್ನೇ ಆಧಾರ ಕೊಟ್ಟ. ಸ್ವಾಮಿ ಧುಮುಕಲಿಲ್ಲ. ಮುಂದೆ ಒಂದು ರಾತ್ರಿ ಅದೇ ಸ್ವಾಮಿ ಪೇತ್ರನನ್ನು ದೋಣಿಯಿಂದಿಳಿದು ನೀರಿನ ಮೇಲೆ ನಡೆದು ಬಾ ಎಂದು ಕರೆದರು. ಶಿಖರದ ಬಳಿ ಇದ್ದದ್ದು ಪ್ರದರ್ಶನದ ಆಸೆ. ಅಲ್ಲಿ ಯಾರಿಗೂ ಒಳಿತಿಲ್ಲ. ಸರೋವರದಲ್ಲಿ ಇದ್ದದ್ದು ಕರೆ. ಪೇತ್ರ ಮುಳುಗತೊಡಗಿದಾಗ ನಾಚಿಕೆಪಡದೆ ಕೂಗಿಕೊಂಡ, ಚಾಚಿದ ಕೈಯನ್ನು ಹಿಡಿದುಕೊಂಡ. ದೇವರನ್ನು ಪರೀಕ್ಷಿಸುವುದಕ್ಕೂ ದೇವರನ್ನು ನಂಬುವುದಕ್ಕೂ ಇರುವ ಅಂತರ ಇದೇ.

ಕೆಲವು ತಿಂಗಳ ನಂತರ ಆ ಹುಡುಗ ಮರಳಿ ಬಂದು ನನ್ನನ್ನು ಕಂಡ. ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ, ಅಂದರೆ 2018ರಿಂದ ಸ್ವರಾಜ್ ದ್ವೀಪವೆಂದು ಕರೆಯಲಾಗುವಲ್ಲಿ, ಅವನು ತರಬೇತಿ ಪಡೆದಿದ್ದ. ಮೊದಲ ಹಂತದಲ್ಲಿ 18 ಮೀಟರ್, ಮುಂದಿನ ಹಂತದಲ್ಲಿ 30 ಮೀಟರ್ ಆಳದವರೆಗೆ ಇಳಿಯಲು ಕಲಿಸುತ್ತಾರೆ. ಆಮೇಲೆ ಇತರರನ್ನು ರಕ್ಷಿಸುವ ಪಾಠ, ಪ್ರಥಮ ಚಿಕಿತ್ಸೆ. ಅದಾದ ಮೇಲಷ್ಟೇ ಇತರರನ್ನು ಕರೆದೊಯ್ಯುವ 'ಡೈವ್ ಮಾಸ್ಟರ್' ತರಬೇತಿ. ಪ್ಯಾಡಿ ಸಂಸ್ಥೆಯ ಕ್ರಮದಲ್ಲಿ ಅದಕ್ಕೆ 18 ವರ್ಷ ತುಂಬಿರಬೇಕು, ಮುಗಿಸುವಷ್ಟರಲ್ಲಿ ಕನಿಷ್ಠ 60 ಸಲ ಮುಳುಗಿರಬೇಕು.

"ಅಲ್ಲಿ ಕಲಿತದ್ದರಲ್ಲಿ ಮುಖ್ಯವಾದದ್ದು ಯಾವುದು?" ಎಂದು ಕೇಳಿದೆ. ಅವನು ಹೆಬ್ಬೆರಳನ್ನು ಮೇಲೆತ್ತಿ ತೋರಿಸಿದ. "ಫಾದರ್, ದಡದಲ್ಲಿ ಇದರ ಅರ್ಥ 'ಭೇಷ್'. ನೀರಿನಡಿಯಲ್ಲಿ ಇದರ ಅರ್ಥ 'ಸಾಕು, ಮೇಲೆ ಹೋಗೋಣ'. ತಂಡದಲ್ಲಿ ಯಾರು ತೋರಿಸಿದರೂ ಸರಿ, ಎಲ್ಲರೂ ಮರಳಲೇಬೇಕು. ಏಕೆ ಎಂದು ಕೇಳುವಂತಿಲ್ಲ. ಮೇಲೆ ಬಂದ ಮೇಲೂ ಹಂಗಿಸುವಂತಿಲ್ಲ" ಎಂದ.

ಇನ್ನೊಂದು ಸಂಗತಿಯನ್ನೂ ಹೇಳಿದ. ಪ್ರತಿ ಮುಳುಗುಗಾರನ ಸಿಲಿಂಡರಿಗೆ ಗಾಳಿ ಸೇದುವ ಬಾಯಿಕೊಳವೆ ಎರಡು ಇರುತ್ತವೆ. ಒಂದು ತನಗೆ. ಇನ್ನೊಂದು, ಜೊತೆಗಾರನ ಗಾಳಿ ಮುಗಿದರೆ ಅವನ ಬಾಯಿಗೆ ಕೊಡಲಿಕ್ಕೆ. ಇಳಿಯುವ ಮುನ್ನ ಒಬ್ಬರ ಸಲಕರಣೆಯನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆ. ತಮ್ಮನನ್ನು ಕಾಯುವ ಹೊಣೆ ತನ್ನದಲ್ಲವೆಂದು ಕಾಯಿನನು ದೇವರೆದುರು ಜಾರಿಕೊಂಡದ್ದು ನನಗೆ ನೆನಪಾಯಿತು. ಸಂತ ಫ್ರಾನ್ಸಿಸ್ ಝೇವಿಯರ್ 1542ರಲ್ಲಿ ತಮಿಳು ಕರಾವಳಿಯ ಪರವರ ನಡುವೆ ಸೇವೆಗೆ ಹೋದಾಗ ಆ ಜನರು ಮುತ್ತಿಗಾಗಿ ಉಸಿರು ಬಿಗಿಹಿಡಿದು ಮುಳುಗುವವರಾಗಿದ್ದರು. ಮುಳುಗುವವನ ಹಗ್ಗ ದೋಣಿಯಲ್ಲಿ ಇನ್ನೊಬ್ಬನ ಕೈಯಲ್ಲಿ ಇರುತ್ತಿತ್ತು. ಹಗ್ಗ ಜಗ್ಗಿದೊಡನೆ ಎಳೆಯುವುದೇ ಅವನ ಕೆಲಸ. ಕಾಲ ಬದಲಾಗಿದೆ, ಒಬ್ಬನ ಜೀವ ಇನ್ನೊಬ್ಬನ ಕೈಯಲ್ಲಿರುವುದು ಬದಲಾಗಿಲ್ಲ.

ಧೈರ್ಯವೆಂಬುದು ಹೇಡಿತನ ಮತ್ತು ದುಡುಕು ಎರಡರ ನಡುವಣ ದಾರಿ ಎಂದು ಅರಿಸ್ಟಾಟಲ್ ಕಲಿಸಿದ. ಎಲ್ಲ ನೈತಿಕ ಸದ್ಗುಣಗಳಿಗೂ ವಿವೇಕವೇ ದಾರಿ ತೋರಿಸಬೇಕು ಎಂದರು ಸಂತ ತೋಮಸ್ ಅಕ್ವಿನಾಸ್. ಇದನ್ನು ಸೆಮಿನರಿಯಲ್ಲಿ ಓದಿ ಪರೀಕ್ಷೆ ಬರೆದವನು ನಾನು. ಅಭ್ಯಾಸ ಮಾಡಿದವನು ಆ ಹುಡುಗ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ (ನಮ್ಮ ಬೈಂದೂರಿನ ಶಿರೂರಲ್ಲ) ಗುಡ್ಡ ಕುಸಿದುದು ನಿಮಗೆ ನೆನಪಿರಬಹುದು. ಗಂಗಾವಳಿ ನದಿಯಲ್ಲಿ ಕಾಣೆಯಾದವರನ್ನು ಹುಡುಕಲು ಮಲ್ಪೆಯ ಈಶ್ವರ್ ಅವರ ತಂಡವೂ ನೀರಿಗೆ ಇಳಿಯಿತು. ಅದು ಪರರಿಗಾಗಿ ಎದುರಿಸಿದ ಅಪಾಯ. ಆದರೆ ನದಿಯ ಸೆಳೆತ ಮೀರಿದಾಗ ಆ ಶೋಧವನ್ನೂ ನಿಲ್ಲಿಸಬೇಕಾಯಿತು. ಕೇರಳದ ಲಾರಿಯೂ ಅದರ ಚಾಲಕನ ದೇಹವೂ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಕಾದು ಕುಳಿತ ಮನೆಯವರಿಗೆ ಆ ವಿಳಂಬ ಎಷ್ಟು ಕಷ್ಟವಾಗಿರಬೇಕು! ಆದರೂ ನಿಲ್ಲಿಸಿದ್ದು ಹೇಡಿತನವಲ್ಲ. ಹುಡುಕುವವನಿಗೂ ಮನೆಯಲ್ಲಿ ತಾಯಿ ಇದ್ದಾಳೆ.

"ಅದು ಸೇವೆ ಫಾದರ್, ಪ್ರವಾಸಿಗರದು ಬರೀ ಮೋಜಲ್ಲವೇ?" ಎಂದು ನೀವು ಕೇಳಬಹುದು. ದೇವರು ಸೃಷ್ಟಿಸಿದ ಬಣ್ಣದ ಮೀನುಗಳನ್ನು, ಹವಳಗಳನ್ನು ಕಂಡು ಬೆರಗಾಗುವುದು ಪಾಪವಲ್ಲ. ಆದರೆ ಹಣ ಪಡೆದು ಕರೆದೊಯ್ಯುವವನು ಹಣಕ್ಕಿಂತ ಆ ಮನುಷ್ಯನನ್ನು ದೊಡ್ಡವನೆಂದು ತಿಳಿದಿರಬೇಕು. ನಮ್ಮ ಹುಡುಗ ಈಗ ಮುರ್ಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಳಿ ಕೆಲಸ ಮಾಡುತ್ತಿದ್ದಾನೆ. ಮಳೆಗಾಲದಲ್ಲಿ ಕೆಲಸವಿಲ್ಲ, ಊರಿಗೆ ಬಂದು ತೋಟ ನೋಡಿಕೊಳ್ಳುತ್ತಾನೆ. ಒಮ್ಮೆ ಮೂಗು ಕಟ್ಟಿದ್ದ ಪ್ರವಾಸಿಯೊಬ್ಬ ಅದನ್ನು ಮುಚ್ಚಿಟ್ಟು ನೀರಿಗಿಳಿಯಲು ಸಿದ್ಧನಾದನಂತೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಮೂಗು ಕಟ್ಟಿದವನ ಕಿವಿಗೆ ಅದು ಅಪಾಯ. ಇವನು ಒಪ್ಪಲಿಲ್ಲ. ಆ ಗುಂಪು ಬೈದಿತು, ಕೈಗೆ ಬರಬೇಕಾದ ನಾಲ್ಕು ಕಾಸೂ ಬರಲಿಲ್ಲ. "ಅಮ್ಮನಿಗೆ ಹೇಳಬೇಡಿ ಫಾದರ್" ಎಂದ. ನಾನು ಹೇಳಿದೆ. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವನು ಕಲಿತಿದ್ದಾನೆ" ಎಂದರು. ಅವರ ಹೆದರಿಕೆ ಹೋಗಿಲ್ಲ. ಸಂಜೆಯ ಜಪಸರದಲ್ಲಿ ಇಂದಿಗೂ ಒಂದು ರಹಸ್ಯ ಮಗನ ಹೆಸರಿನಲ್ಲಿಯೇ. ನಾನೂ ನನ್ನ ಅಂದಿನ ಉತ್ತರಕ್ಕಾಗಿ ಅವರಲ್ಲಿ ಕ್ಷಮೆ ಕೇಳಿದ್ದೇನೆ.

ಬಾಂಧವರೇ, ನಮ್ಮ ಮಕ್ಕಳಲ್ಲಿ ಸಮುದ್ರಕ್ಕೆ ಇಳಿಯುವವರು ಕೆಲವರೇ. ಆದರೆ ಸಾಲದಲ್ಲಿ, ಕುಡಿತದಲ್ಲಿ, ದೂರದ ಊರಿನ ಒಂಟಿತನದಲ್ಲಿ ಮುಳುಗುತ್ತಿರುವವರು ಎಷ್ಟು ಮಂದಿ! ಅವರೇಕೆ ಹೇಳುವುದಿಲ್ಲ? ಹೇಳಿದರೆ "ನಾನು ಆಗಲೇ ಹೇಳಿರಲಿಲ್ಲವೇ?" ಎಂಬ ಮಾತು ಮೊದಲು ಬರುತ್ತದೆಂಬ ಭಯ. ಹೆಂಡತಿ "ಸಾಕು" ಎಂದರೆ ಗಂಡ ಕೇಳುತ್ತಾನೆಯೇ? ಮಗಳು "ಈ ಕೋರ್ಸು ನನ್ನಿಂದಾಗದು" ಎಂದರೆ ಅಪ್ಪ ಹಂಗಿಸದೆ ಇರುತ್ತಾನೆಯೇ?

ಈ ವಾರ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಒಟ್ಟಾಗಿ ಕುಳಿತು ಒಂದು ಮಾತು ಮಾಡಿಕೊಳ್ಳಿರಿ. ನಮ್ಮಲ್ಲಿ ಯಾರು ಹೆಬ್ಬೆರಳು ಎತ್ತಿದರೂ ಮೊದಲು ಮೇಲಕ್ಕೆ ತರೋಣ, ಕಾರಣವನ್ನು ಆಮೇಲೆ ಕೇಳೋಣ. ಯೇಸುಸ್ವಾಮಿಯೂ ಮೊದಲು ಪೇತ್ರನ ಕೈಹಿಡಿದರು. ಅವನ ಅಲ್ಪವಿಶ್ವಾಸದ ಕುರಿತು ಕೇಳಿದ್ದು ಆಮೇಲೆಯೇ.