ಹಾಯುವ ಎತ್ತು ಮತ್ತು ಹರಿಯುವ ಹಗ್ಗ



ವಿಮೋಚನಕಾಂಡದ 20ನೆಯ ಅಧ್ಯಾಯದ ದಶಾಜ್ಞೆಗಳು ನಮಗೆಲ್ಲ ಬಾಯಿಪಾಠ. ಅದರ ಮುಂದಿನ ಅಧ್ಯಾಯವನ್ನು ಓದಿದವರು ಕಡಿಮೆ. ಅಲ್ಲಿ ದೇವರು ಮೋಶೆಯ ಮೂಲಕ ರೈತರ ಮಾತನ್ನೇ ಆಡುತ್ತಾರೆ: ಎತ್ತು, ಕತ್ತೆ, ಮುಚ್ಚದೆ ಬಿಟ್ಟ ಗುಂಡಿ. ಎತ್ತು ಹಾಯ್ದು ಒಬ್ಬನು ಸತ್ತರೆ ಎತ್ತನ್ನು ಕೊಲ್ಲಬೇಕು, ಅದರ ಒಡೆಯನ ಮೇಲೆ ಅಪರಾಧವಿಲ್ಲ. ಆದರೆ ಅದು ಹಾಯುವ ಎತ್ತೆಂದು ಒಡೆಯನಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದು, ಅವನು ಅದನ್ನು ಕಟ್ಟದೆ ಬಿಟ್ಟಿದ್ದರೆ, ಸತ್ತವನ ಪ್ರಾಣಕ್ಕೆ ಅವನೇ ಉತ್ತರ ಕೊಡಬೇಕು.

ನಮ್ಮ ಘಟಪ್ರಭಾ ಸೀಮೆಯಲ್ಲಿ, ಮಸಗುಪ್ಪಿಯಂಥ ಊರುಗಳಲ್ಲಿಯೂ, ಎತ್ತಿನ ಕೊಟ್ಟಿಗೆಯ ಜಾಗದಲ್ಲಿ ಟ್ರ್ಯಾಕ್ಟರಿನ ಶೆಡ್ಡು ಬಂದಿದೆ. ಶೆಡ್ಡಿಗೆ, ಕಿರಾಣಿ ಅಂಗಡಿಗೆ, ಗೊಬ್ಬರದ ಗೋದಾಮಿಗೆ ಕಬ್ಬಿಣದ ಷಟರ್. ಒಬ್ಬನೇ ಎತ್ತಲಾಗದಷ್ಟು ಭಾರದ ಷಟರನ್ನು ಹದಿನೈದರ ಹುಡುಗ ಒಂದೇ ಕೈಯಿಂದ ಮೇಲಕ್ಕೆ ತಳ್ಳುತ್ತಾನೆ. ಮೇಲಿನ ಪೈಪಿನೊಳಗೆ ಬಿಗಿಯಾಗಿ ಸುತ್ತಿದ ಸ್ಪ್ರಿಂಗು ಆ ಭಾರದ ಬಹುಪಾಲನ್ನು ಹೊರುತ್ತಿರುತ್ತದೆ. ನಗರಗಳಲ್ಲಿಯೂ ಪರದೇಶಗಳಲ್ಲಿಯೂ ಕಾರು ನಿಲ್ಲಿಸುವ ಗ್ಯಾರೇಜಿನ ಬಾಗಿಲಿಗೆ ಈ ಸ್ಪ್ರಿಂಗಿನ ಜೊತೆಗೆ ಎರಡು ಬದಿಗೆ ತಂತಿಯ ಹಗ್ಗ, ಅಂದರೆ ವೈರ್ ರೋಪ್ ಇರುತ್ತದೆ. ಬಾಗಿಲನ್ನು ಎತ್ತಿ ಹಿಡಿಯುವುದು ಅದೇ.

ಆ ಹಗ್ಗ ಸಾಮಾನ್ಯವಾಗಿ ಒಮ್ಮೆಗೇ ಹರಿಯುವುದಿಲ್ಲ. ನೆಲದ ಹತ್ತಿರ, ನೀರು ತಾಗುವ ಕಡೆ ಮೊದಲು ತುಕ್ಕು ಹಿಡಿಯುತ್ತದೆ. ಆಮೇಲೆ ಒಂದೊಂದೇ ಎಳೆ ಕಡಿದು ಬೆಕ್ಕಿನ ಮೀಸೆಯಂತೆ ಹೊರಗೆ ನಿಲ್ಲುತ್ತದೆ. ಷಟರಾದರೆ ದಿನದಿಂದ ದಿನಕ್ಕೆ ಭಾರವಾಗುತ್ತದೆ. 2019ರ ಆಗಸ್ಟಿನ ನೆರೆಯಲ್ಲಿ ಗೋಕಾಕದ ಎಷ್ಟೋ ಅಂಗಡಿಗಳ ಷಟರುಗಳು ನೀರಿನಲ್ಲಿ ನಿಂತವು. ಅವುಗಳಲ್ಲಿ ಎಷ್ಟನ್ನು ಬಿಚ್ಚಿ ನೋಡಿಸಿದ್ದೇವೆ?

ನೋಡುವ ಕಣ್ಣು ಮಾತ್ರ ಸಾಮಾನ್ಯವಾಗಿ ಯಜಮಾನನದಲ್ಲ. "ಅಣ್ಣಾರ, ಷಟರ್ ಭಾಳ ಭಾರ ಆಗೇತ್ರಿ" ಎಂದು ಮೊದಲು ಹೇಳುವವನು ದಿನಾ ಎತ್ತುವ ಹುಡುಗ. "ಇರ್ಲಿ ಬಿಡೋ, ನಡೀತೈತಿ" ಎನ್ನುತ್ತೇವೆ. ಪವಿತ್ರ ಗ್ರಂಥದ ಲೆಕ್ಕದಲ್ಲಿ ಅಲ್ಲಿಗೆ ಎಚ್ಚರಿಕೆ ಕೊಟ್ಟಾಯಿತು. ಇನ್ನು ಮುಂದೆ ಅದು ಹಾಯುವ ಎತ್ತು.

ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ನಿಂತವರಿಗೆ, ತಂತಿಯ ಹಗ್ಗದ ಮೇಲೆ ಜೀವ ಇಡುವುದೆಂದರೇನೆಂದು ಗೊತ್ತು. ಗುಜರಾತಿನ ಮೋರ್ಬಿಯಲ್ಲಿ ಅಂಥದೇ ಹಳೆಯ ತೂಗುಸೇತುವೆ 2022ರ ಅಕ್ಟೋಬರ್ 30ರ ಭಾನುವಾರ ಸಂಜೆ ಹರಿದು ಬಿದ್ದು 135 ಜನ ಸತ್ತರು. ದುರಸ್ತಿಯಾಗಿದೆಯೆಂದು ಅದನ್ನು ಮತ್ತೆ ತೆರೆದು ನಾಲ್ಕೇ ದಿನ ಆಗಿತ್ತು. ಹರಿದ ಮುಖ್ಯ ಹಗ್ಗದಲ್ಲಿ 49 ತಂತಿಗಳಿದ್ದವು. ಅವುಗಳಲ್ಲಿ 22 ತಂತಿಗಳು ತುಕ್ಕು ಹಿಡಿದಿದ್ದು, ಆ ದಿನಕ್ಕಿಂತ ಮುಂಚೆಯೇ ಕಡಿದಿರಬೇಕೆಂದು ತನಿಖಾ ತಂಡ ಹೇಳಿತು. ಉಳಿದ 27 ತಂತಿಗಳು ಎಲ್ಲರ ಭಾರ ಹೊತ್ತಿದ್ದವು.

ಇಂಥದನ್ನು ಕೇಳಿದಾಗ ನಮ್ಮ ಬಾಯಿಂದ ಎರಡು ಮಾತು ಬರುತ್ತವೆ. ಒಂದು, "ದೇವರ ಇಚ್ಛೆ." ಇನ್ನೊಂದು, "ಅವರ ಕರ್ಮ." ಎರಡನ್ನೂ ನಾನು ಒಪ್ಪುವುದಿಲ್ಲ. ಸಿಲೋವದ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತ ಸುದ್ದಿಯನ್ನು ಪ್ರಭು ಯೇಸುವೇ ಎತ್ತಿದರು (ಲೂಕ 13). ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳಾಗಿರಲಿಲ್ಲ ಎಂದು ಸ್ಪಷ್ಟವಾಗಿ ಹೇಳಿ, ಮಾತನ್ನು ಬದುಕಿದ್ದವರ ಕಡೆಗೆ, ಅವರ ಪಶ್ಚಾತ್ತಾಪದ ಕಡೆಗೆ ತಿರುಗಿಸಿದರು. ತುಕ್ಕನ್ನು ನೋಡಿಯೂ ಸುಮ್ಮನಿದ್ದು, ಬಿದ್ದ ಮೇಲೆ ದೇವರ ಹೆಸರು ಹೇಳುವುದು ಭಕ್ತಿಯಲ್ಲ.

ಸಂತ ತೋಮಾಸ್ ಅಕ್ವಿನಾಸರು ಅಲಕ್ಷ್ಯವನ್ನು ವಿವೇಕಕ್ಕೆ ವಿರುದ್ಧವಾದ ಪಾಪವೆಂದು ಬೇರೆಯಾಗಿಯೇ ವಿಚಾರಿಸುತ್ತಾರೆ. ಅದರ ಮೂಲ ಬುದ್ಧಿಯ ಕೊರತೆಯಲ್ಲ, ಇಚ್ಛಾಶಕ್ತಿಯ ಸಡಿಲಿಕೆ ಎಂಬುದು ಅವರ ಅಭಿಪ್ರಾಯ. ಗೊತ್ತಿರುತ್ತದೆ, ಮಾಡಬೇಕೆಂದೂ ಇರುತ್ತದೆ, ಆದರೆ ಸಂತೆಯ ದಿನ ಮುಗಿಯಲಿ, ಕಬ್ಬಿನ ಬಿಲ್ಲು ಬರಲಿ ಎಂದು ಮುಂದೂಡುತ್ತೇವೆ. ಗಂಭೀರ ಕಾರಣವಿಲ್ಲದೆ ಇನ್ನೊಬ್ಬರನ್ನು ಪ್ರಾಣಾಪಾಯಕ್ಕೆ ಒಡ್ಡುವುದನ್ನು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಐದನೆಯ ಕಟ್ಟಳೆಯ ಕೆಳಗೇ ಸೇರಿಸಿದೆ. ಪ್ರತಿ ಭಾನುವಾರ ಎದೆ ಬಡಿದುಕೊಂಡು ಕರ್ತವ್ಯಲೋಪವನ್ನೂ ನಿವೇದಿಸುತ್ತೇವಲ್ಲ, ಆಗ ನಮ್ಮ ಷಟರು ನೆನಪಿಗೆ ಬರುತ್ತದೆಯೇ?

ಹಗ್ಗ ಹರಿದೇ ಹೋಯಿತು, ಆಗ? ಇಲ್ಲಿ ನಮ್ಮ ನಾಡಿನದೇ ಒಂದು ಪಾಠವಿದೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಚೈನು ಕಡಿದು, ಗೇಟೇ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಯಾರೂ ಅವಸರದಿಂದ ಆ ಬಾಯಿಗೆ ಕೈ ಹಾಕಲಿಲ್ಲ. ಮೊದಲು ಉಳಿದ ಗೇಟುಗಳನ್ನು ತೆರೆದು ನೀರಿನ ಒತ್ತಡ ಇಳಿಸಿದರು. ಗೇಟುಗಳ ಕೆಲಸದಲ್ಲೇ ಆಯುಷ್ಯ ಕಳೆದ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ಭಾಗಗಳನ್ನು ಒಂದೊಂದಾಗಿ ಇಳಿಸಿ, 17ರ ಹೊತ್ತಿಗೆ ನೀರು ನಿಲ್ಲಿಸಿದರು.

ಮನೆಯ ಬಾಗಿಲಿಗೂ ಕ್ರಮ ಅದೇ. ಹಗ್ಗ ಹರಿದು ಬಾಗಿಲು ಓರೆಯಾಗಿ ನಿಂತರೆ ಮೋಟಾರಿನ ಗುಂಡಿ ಒತ್ತಬೇಡಿರಿ, ಕರೆಂಟು ತೆಗೆಯಿರಿ. ಕೆಳಗೆ ನುಸುಳಿ ಗಾಡಿ ಹೊರಗೆ ತರುವ ಸಾಹಸ ಬೇಡ, ಬಿದಿರಿನ ಗಳ ಆನಿಸುವುದೂ ಬೇಡ. ಹಗ್ಗ ಹೋದರೂ ಸ್ಪ್ರಿಂಗಿನಲ್ಲಿ ಬಿಗಿ ಹಾಗೆಯೇ ಇರಬಹುದು; ಪಾನಾ ಹಿಡಿದು ಅದರ ನಟ್ಟು ಸಡಿಲಿಸಲು ಹೋದವರ ಕೈ ಮುರಿದೀತು, ಕಣ್ಣು ಹೋದೀತು. ಮಕ್ಕಳನ್ನು ಆ ಕಡೆ ಬಿಡದೆ, ಈ ಕೆಲಸ ಬಲ್ಲ ಮಿಸ್ತ್ರಿಯನ್ನೇ ಕರೆಯಿರಿ. ಅವನು ಎರಡೂ ಹಗ್ಗ ಬದಲಿಸಬೇಕೆಂದರೆ ದುಡ್ಡಿನಾಸೆಗೆ ಹೇಳುತ್ತಾನೆಂದು ತಿಳಿಯಬೇಡಿರಿ. ಒಂದೇ ದಿನ ಹಾಕಿದ ಹಗ್ಗಗಳು ಒಂದೇ ರೀತಿ ಸವೆದಿರುತ್ತವೆ. ಅವನ ಜೊತೆ ಚೌಕಾಶಿ ಮಾಡುವುದಾದರೆ ಬಣ್ಣದ ವಿಷಯದಲ್ಲಿ ಮಾಡಿರಿ.

ಬರುವ ಶನಿವಾರ ಸಂಜೆ ಅಂಗಡಿ ಮುಚ್ಚುವಾಗ ಷಟರನ್ನು ನೀವೇ ಎಳೆದು ನೋಡಿರಿ. ಭಾರವೆನಿಸಿದರೆ ಸೋಮವಾರ ಬೆಳಿಗ್ಗೆ ಹುಡುಗನಿಗೆ ಬೀಗದ ಕೈ ಕೊಟ್ಟು ಕಳಿಸಬೇಡಿರಿ. ಮಿಸ್ತ್ರಿ ಬರುವ ತನಕ ಅಂಗಡಿ ಮುಚ್ಚಿಯೇ ಇರಲಿ, ಹುಡುಗನ ಆ ದಿನದ ಪಗಾರ ಹಿಡಿಯಬೇಡಿರಿ.